ಎಲ್ಲರಿಗೂ ಹದಿನೈದು

ನನ್ನ ಗಂಡ ತಿಹೊಮಿರ್‌ಗೆ ಟೀವಿಯ ಜೊತೆ ಜಗಳ ಆಡದಿದ್ದರೆ ಊಟ ಸೇರುವುದಿಲ್ಲ. ಸೆಪ್ಟೆಂಬರಿನ ಮೊದಲ ಭಾನುವಾರವೂ ಅದೇ ಆಯಿತು. ನಾವು ನಾಲ್ವರು, ಅಂದರೆ ಅವನು, ನಾನು, ಮಗಳು ರಾಲಿ ಮತ್ತು ನನ್ನ ಅತ್ತೆ ಪೆನಾ, ಅಡುಗೆಮನೆಯ ಮೇಜಿಗೆ ಕೂತು ಬೀನ್ಸ್ ಕಾಳಿನ ಸೂಪು ಕುಡಿಯುತ್ತಿದ್ದೆವು. ಟೀವಿಯಲ್ಲಿ ಒಬ್ಬ ಪ್ರೊಫೆಸರ್ ಬಂದು, ಕಸ ಗುಡಿಸುವವಳಿಗೂ ಹತ್ತು ಪರ್ಸೆಂಟು, ಹೋಟೆಲ್ ಮಾಲೀಕನಿಗೂ ಹತ್ತು ಪರ್ಸೆಂಟು, ಇಂಥ ಆದಾಯ ತೆರಿಗೆ ಬಲ್ಗೇರಿಯಕ್ಕೆ ಇನ್ನೆಷ್ಟು ವರ್ಷ ಬೇಕು ಎಂದು ಕೇಳಿದ. ತಿಹೊಮಿರ್ ಚಮಚ ಕೆಳಗಿಟ್ಟ.

"ಇವನಿಗೆ ತಲೆ ಕೆಟ್ಟಿದೆ. ಈ ದೇಶದಲ್ಲಿ ನೆಟ್ಟಗಿರೋದು ಅದೊಂದೇ. ಅದಕ್ಕೂ ಕೈ ಹಾಕ್ತಾರಂತೆ."

"ಸೂಪು ಆರಿಹೋಗುತ್ತೆ," ಎಂದೆ ನಾನು.

"ಆರಲಿ ಬಿಡು. ರಾಲಿ, ನೀನು ಓದಿದವಳು, ನೀನೇ ಹೇಳು. ನಾನು ನಿನ್ನ ನಾಲ್ಕರಷ್ಟು ದುಡಿದ್ರೆ ನಿನ್ನ ನಾಲ್ಕರಷ್ಟು ತೆರಿಗೆ ಕೊಡ್ತೀನಿ. ಇನ್ನೇನು ಬೇಕು ಇವರಿಗೆ? ನನ್ನ ಚರ್ಮ ಸುಲೀಬೇಕಾ?"

ರಾಲಿಗೆ ಇಪ್ಪತ್ತು ವರ್ಷ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಔಷಧಿ ಅಂಗಡಿಯಲ್ಲಿ ಕೆಲಸ. ಅಪ್ಪನ ಬಾಯಿ ಅವಳಿಗೂ ಬಂದಿದೆ.

"ಕೊಟ್ಟ ಮೇಲೆ ಕೈಲಿ ಉಳಿಯೋದೆಷ್ಟು ಅಂತಾನೂ ನೋಡಬೇಕಲ್ಲಪ್ಪ. ಅಂಗಡಿಗೆ ಬಂದೋರು ಬಿಪಿ ಮಾತ್ರೆ ಹಾಳೆ ಪೂರ್ತಿ ಬೇಡ, ಅರ್ಧ ಕತ್ತರಿಸಿ ಕೊಡಮ್ಮ ಅಂತಾರೆ. ಅವರು ಕೊಡೋ ಹತ್ತೂ ನೀನು ಕೊಡೋ ಹತ್ತೂ ಒಂದೇನಾ?"

"ಒಂದೇ. ಪರ್ಸೆಂಟು ಅಂದ್ರೇನೇ ಅದು."

"ಅಷ್ಟು ಚೆನ್ನಾಗಿದ್ರೆ ಮನೇಲೂ ಮಾಡು ಮತ್ತೆ. ಚಳಿಗಾಲದ ಖರ್ಚಿಗೆ ಎಲ್ಲರ ಹತ್ರಾನೂ ಒಂದೇ ಪರ್ಸೆಂಟು ಎತ್ತು, ನೋಡೋಣ."

ಅವಳು ಅಂದದ್ದು ಕುಟುಕುವುದಕ್ಕೆ. ಆದರೆ ತಿಹೊಮಿರ್‌ನ ಮುಖ ಅರಳಿತು. ಅವನು ಎದ್ದು ಹೋಗಿ ಬಿಸ್ಕತ್ತಿನ ಖಾಲಿ ಡಬ್ಬಿ ತಂದು ಫ್ರಿಜ್ಜಿನ ಮೇಲಿಟ್ಟ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ: ಮನೆಯ ಪ್ರತಿಯೊಬ್ಬರೂ ತಮ್ಮ ಆದಾಯದಲ್ಲಿ ಹದಿನೈದು ಪರ್ಸೆಂಟು, ಪ್ರತಿ ತಿಂಗಳು ಐದನೆಯ ತಾರೀಖಿನೊಳಗೆ. ಮನೆ ಬೆಚ್ಚಗಿಡುವ ಬಿಲ್ಲು, ಕರೆಂಟಿನ ಬಿಲ್ಲು ಎರಡೂ ಇನ್ನು ಆ ಡಬ್ಬಿಯಿಂದ.

"ಅತ್ತೇನ ಇದರಿಂದ ಬಿಟ್ಟುಬಿಡು," ಎಂದೆ.

"ಯಾಕೆ ಬಿಡ್ಬೇಕು? ಅಮ್ಮ ಏನು ಭಿಕ್ಷೆ ಬೇಡೋಳಾ? ಎಲ್ಲರೂ ಸಮ. ಒಬ್ಬರನ್ನ ಬಿಟ್ರೆ ಅದು ನಿಯಮಾನೇ ಅಲ್ಲ."

ಅತ್ತೆ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸುತ್ತ ಹೇಳಿದರು: "ನಾನೂ ಈ ಮನೇಲಿ ಉಣ್ತೀನಿ, ನಾನೂ ಕೊಡ್ತೀನಿ. ಆದ್ರೆ ಒಂದು ಮಾತು ಕಣೋ. ಸರ್ಕಾರ ಕೂಡ ಪಿಂಚಣಿ ಮೇಲೆ ತೆರಿಗೆ ಹಾಕಲ್ಲ. ನನ್ನ ಹೊಟ್ಟೇಲಿ ಹುಟ್ಟಿದೋನು ಹಾಕ್ತಿದಾನೆ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಯಾಕೆಂದರೆ ಅತ್ತೆಯ ಬಲಗಣ್ಣಿಗೆ ಪೊರೆ ಬಂದಿತ್ತು, ಎಡಗಣ್ಣಿಗೂ ಶುರುವಾಗಿತ್ತು. ಆಪರೇಷನ್ನಿಗೆ ಅಕ್ಟೋಬರ್ ಇಪ್ಪತ್ತನೆಯ ತಾರೀಖು ಕೊಟ್ಟಿದ್ದರು. ಆಪರೇಷನ್ನಿನ ಖರ್ಚು ಆರೋಗ್ಯ ವಿಮೆಯದು, ಕಣ್ಣೊಳಗೆ ಕೂರಿಸುವ ಲೆನ್ಸಿನ ಆರುನೂರು ಲೆವ್ ಮಾತ್ರ ನಾವೇ ಕಟ್ಟಬೇಕು. ಅದಕ್ಕಾಗಿ ಅವರು ಪಿಂಚಣಿಯಲ್ಲಿ ತಿಂಗಳು ತಿಂಗಳೂ ಸ್ವಲ್ಪ ಎತ್ತಿಡುತ್ತಿದ್ದರು. ಆ ಸಂಜೆ ಪಾತ್ರೆ ತೊಳೆಯುವಾಗ ನಾನು ಕೇಳಿದೆ ಕೂಡ.

"ಅತ್ತೆ, ಕಣ್ಣಿನ ದುಡ್ಡಿಗೆ ಕಮ್ಮಿ ಬೀಳಲ್ಲ ತಾನೆ?"

"ಇಲ್ಲಮ್ಮ. ಅದು ಬೇರೆ ಇದೆ. ನೀನು ಆ ಬಾಣಲೆ ನೆಟ್ಟಗೆ ಉಜ್ಜು."

ಇನ್ನೊಂದು ಸಲ ಕೇಳಬೇಕಿತ್ತು. ಕೇಳಲಿಲ್ಲ.

*

ನಮ್ಮದು ರೂಸೆ ಊರಿನಲ್ಲಿ ಎಂಟಂತಸ್ತಿನ ಕಟ್ಟಡದ ಐದನೆಯ ಮಹಡಿ. ಸೆಪ್ಟೆಂಬರ್ ಕೊನೆಯಲ್ಲಿ ಇಡೀ ಕಟ್ಟಡ ಸುಟ್ಟ ಮೆಣಸಿನಕಾಯಿಯ ವಾಸನೆಯಲ್ಲಿ ಮುಳುಗುತ್ತದೆ. ಒಂದೊಂದು ಬಾಲ್ಕನಿಯಲ್ಲೂ ಸುಡುವುದಕ್ಕೆ ಕರೆಂಟಿನ ಒಲೆ, ಒಂದೊಂದರ ಮುಂದೆಯೂ ಒಬ್ಬ ಅಜ್ಜಿ. ನಾವು ನಲವತ್ತು ಕಿಲೋ ಖಾರವಿಲ್ಲದ ದಪ್ಪ ಕೆಂಪು ಮೆಣಸಿನಕಾಯಿ ತಂದಿದ್ದೆವು. ಸುಟ್ಟು, ಸಿಪ್ಪೆ ಬಿಡಿಸಿ, ರುಬ್ಬಿ, ಟೊಮ್ಯಾಟೊ ಜೊತೆ ಅರ್ಧ ದಿನ ಕಾಯಿಸಿದರೆ ಲ್ಯುತೆನಿತ್ಸಾ ಎಂಬ ಕೆಂಪು ಗೊಜ್ಜು ಆಗುತ್ತದೆ. ಅದನ್ನು ಗಾಜಿನ ಜಾಡಿಗಳಿಗೆ ತುಂಬಿ, ಮುಚ್ಚಳ ಬಿಗಿದು, ನೀರಿನಲ್ಲಿ ಕುದಿಸಿ ನೆಲಮಾಳಿಗೆಗೆ ಇಳಿಸಿದರೆ ಏಪ್ರಿಲ್‌ವರೆಗೆ ಬ್ರೆಡ್ಡಿಗೆ ಚಿಂತೆಯಿಲ್ಲ.

ಮುಚ್ಚಳದ ಕೆಲಸ ಪ್ರತಿ ವರ್ಷವೂ ಅತ್ತೆಯದೇ. ಹಳೆಯ ಮುಚ್ಚಳಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಒಳಗಿನ ರಬ್ಬರು ಬಿರಿದಿದ್ದರೆ, ಅಂಚಿಗೆ ತುಕ್ಕು ಕಂಡರೆ ಎಸೆದು, ಅಷ್ಟೇ ಹೊಸದನ್ನು ಕೊಂಡು ತರುತ್ತಿದ್ದರು. ಈ ವರ್ಷ ಒಂದನ್ನೂ ಎಸೆಯಲಿಲ್ಲ.

"ಹೊಸ ಮುಚ್ಚಳ ತರೋಣ ಅತ್ತೆ. ಇವು ಎರಡು ವರ್ಷದ ಹಳೇವು," ಎಂದೆ.

"ಎಲ್ಲಾ ಚೆನ್ನಾಗಿವೆ. ಬೆರಳಲ್ಲಿ ಸವರಿ ನೋಡಿದೀನಿ."

"ಬೆರಳಲ್ಲಿ ತುಕ್ಕು ಗೊತ್ತಾಗುತ್ತಾ?"

"ನೀನು ಹುಟ್ಟೋ ಮುಂಚಿಂದ ಜಾಡಿ ಮುಚ್ಚುತಿದೀನಿ ಕಣೆ."

ನನಗೂ ಬೆಳಿಗ್ಗೆ ಆರರಿಂದ ನಿಂತು ಸೊಂಟ ಬಿದ್ದುಹೋಗಿತ್ತು. ಒಳಗೆ ಹೋಗಿ ತಿಹೊಮಿರ್‌ನನ್ನು ಕೇಳಿದೆ: "ಡಬ್ಬೀಲಿ ಇಪ್ಪತ್ತು ಲೆವ್ ಕೊಡು, ಮುಚ್ಚಳ ತರ್ತೀನಿ."

ಅವನು ಸೋಫಾದಲ್ಲಿ ಫುಟ್ಬಾಲ್ ನೋಡುತ್ತಿದ್ದ. "ಡಬ್ಬಿ ದುಡ್ಡು ಬಿಲ್ಲುಗಳಿಗೆ ಮಾತ್ರ. ಹಾಳೇಲಿ ಬರೆದಿದೆ, ನೋಡಿಲ್ವಾ? ಮುಚ್ಚಳಕ್ಕೆ ಅಂತ ತೆಗೆದ್ರೆ ನಾಳೆ ರಾಲಿ ಲಿಪ್‌ಸ್ಟಿಕ್‌ಗೆ ತೆಗೀತಾಳೆ."

"ಗೊಜ್ಜು ತಿನ್ನೋನು ನೀನೇ ತಾನೆ?"

"ಅದಕ್ಕೇ ಹೇಳ್ತಿರೋದು, ಎಲ್ಲರೂ ತಿಂತೀವಿ, ಎಲ್ಲರೂ ಸಮ. ಪಕ್ಕಕ್ಕೆ ಸರಿ, ಪೆನಾಲ್ಟಿ ಹೊಡೀತಿದಾರೆ."

ನನ್ನ ಪರ್ಸಿನಲ್ಲಿ ಆರು ಲೆವ್ ಇತ್ತು. ಸಂಬಳಕ್ಕೆ ಇನ್ನೂ ನಾಲ್ಕು ದಿನ. ಹಳೆಯ ಮುಚ್ಚಳಗಳನ್ನೇ ಬಿಗಿದೆವು. ಐವತ್ತೆರಡು ಜಾಡಿ. ರಾಲಿ ಲಿಫ್ಟಿನಲ್ಲಿ ಹನ್ನೊಂದು ಸಲ ಇಳಿದು ಹತ್ತಿದಳು.

*

ನಾನು ಹೊಲಿಗೆ ಕಾರ್ಖಾನೆಯಲ್ಲಿ ಜಾಕೆಟ್ಟುಗಳಿಗೆ ತೋಳು ಕೂರಿಸುತ್ತೇನೆ. ತೆರಿಗೆ, ವಿಮೆ ಎಲ್ಲ ಕಳೆದು ಒಂಬೈನೂರ ಐವತ್ತು ಲೆವ್ ಕೈಗೆ ಬರುತ್ತದೆ. ನನ್ನ ಸಂಬಳದಲ್ಲಿ ಮೊದಲನೆಯ ಲೆವ್‌ನಿಂದಲೇ ಆ ಹತ್ತು ಪರ್ಸೆಂಟು ಹಿಡಿಯುತ್ತಾರೆ. ಬದುಕುವುದಕ್ಕೆ ಇಷ್ಟಿರಲಿ ಎಂದು ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿಲ್ಲ. ಸೆಪ್ಟೆಂಬರಿನದನ್ನು ಯಾರೂ ಎಣಿಸದೆ ಡಬ್ಬಿಗೆ ಹಾಕಿದ್ದೆವು. ಅಕ್ಟೋಬರ್ ಐದರಂದು ನಾನು ನೂರ ನಲವತ್ತೆರಡು ಹಾಕಿದೆ. ರಾಲಿ ಅರವತ್ತೇಳು. ಅತ್ತೆ ಎಂಬತ್ತನಾಲ್ಕು. ತಿಹೊಮಿರ್ ನೂರ ಹದಿನೇಳು.

ನಾನು ಎರಡು ಸಲ ಎಣಿಸಿದೆ.

"ತಿಹೊ, ನೀನು ನನಗಿಂತ ಕಮ್ಮಿ ಹಾಕಿದೀಯ."

"ನನ್ನ ಸಂಬಳ ಏಳುನೂರ ಎಂಬತ್ತು. ಕರಾರು ಪತ್ರ ತೋರಿಸ್ಲಾ?"

ಅವನು ಡ್ಯಾನ್ಯೂಬ್ ಸೇತುವೆಯ ಹತ್ತಿರ ಲಾರಿಗಳನ್ನು ಗಡಿ ದಾಟಿಸುವ ಆಫೀಸೊಂದರಲ್ಲಿ ಮೇಲ್ವಿಚಾರಕ. ಕಾಗದದ ಮೇಲೆ ಅವನ ಸಂಬಳ ಕನಿಷ್ಠ ವೇತನ. ಉಳಿದದ್ದು ತಿಂಗಳ ಕೊನೆಗೆ ಲಕೋಟೆಯಲ್ಲಿ, ತೆರಿಗೆಯ ಲೆಕ್ಕಕ್ಕೆ ಸಿಗದಂತೆ ಕೈಯಿಂದ ಕೈಗೆ. ಇದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಅರ್ಧ ಊರಿಗೆ ಲಕೋಟೆ ಬರುತ್ತದೆ. ಆದರೆ ತಿಹೊಮಿರ್‌ನ ಲಕೋಟೆಯಲ್ಲಿ ಎಷ್ಟಿರುತ್ತದೆ ಎಂದು ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ. ಕೇಳಿದರೆ "ಒಂದೊಂದು ತಿಂಗಳು ಒಂದೊಂದು ಥರ" ಎನ್ನುತ್ತಿದ್ದ.

"ಮತ್ತೆ ಲಕೋಟೆ?" ಎಂದೆ.

"ಅದು ಸಂಬಳ ಅಲ್ಲ. ಇವತ್ತು ಇರುತ್ತೆ, ನಾಳೆ ಇರಲ್ಲ. ಇಲ್ಲದೇ ಇರೋದಕ್ಕೆ ಪರ್ಸೆಂಟು ಹೇಗೆ ಹಾಕೋದು?"

"ಸರ್ಕಾರಕ್ಕೂ ಹೀಗೇ ಹೇಳ್ತೀಯಲ್ಲ, ನಾಚಿಕೆ ಆಗಲ್ವಾ? ಎಲ್ಲರಿಗೂ ಹತ್ತು ಅಂತ ಟೀವಿ ಮುಂದೆ ಕೂಗ್ತೀಯ, ಆ ಹತ್ತನ್ನೂ ನೀನು ಪೂರ್ತಿ ಕೊಡಲ್ಲ."

"ನಾನು ಮಾಡಿದ್ದಲ್ಲ, ಆಫೀಸಿನ ಪದ್ಧತಿ. ಬೇಕಿದ್ರೆ ಹೋಗಿ ನನ್ನ ಮಾಲೀಕನ ಹತ್ರ ಜಗಳ ಆಡು. ನನಗೆ ಕೆಲಸ ಹೋಗುತ್ತೆ, ಆಗ ನಿಮ್ಮ ಹದಿನೈದರಲ್ಲೇ ಎಲ್ಲರೂ ಮಜವಾಗಿರಿ."

ಹೀಗೆ ಹೇಳಿದರೆ ನಾನು ಬಾಯಿ ಮುಚ್ಚಬೇಕು. ಮುಚ್ಚಿದೆ. ಆದರೆ ಬಟ್ಟೆ ಇಸ್ತ್ರಿ ಮಾಡುವಾಗ ಹೊಳೆಯಿತು: ಮೊದಲು ಮನೆ ಬೆಚ್ಚಗಿಡುವ ಬಿಲ್ಲೂ ಕರೆಂಟೂ ಪೂರ್ತಿ ಅವನ ಪಾಲಿಗಿತ್ತು, ದಿನಸಿ ನನ್ನ ಪಾಲಿಗೆ. ಈಗ ದಿನಸಿ ನನ್ನದೇ ಆಗಿ ಉಳಿದಿದೆ, ಅವನ ಬಿಲ್ಲುಗಳು ಮಾತ್ರ ನಾಲ್ವರ ಮೇಲೆ ಹಂಚಿಹೋಗಿವೆ. ಸಮಾನತೆ ಎಂದು ಹೇಳಿ ಅವನು ತನ್ನ ಹೊರೆ ಇಳಿಸಿಕೊಂಡಿದ್ದ. ಅವನಿಗೆ ಇದು ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಅವನು ಕೆಟ್ಟವನಲ್ಲ, ತನಗೆ ಅನುಕೂಲವಾದದ್ದೇ ನ್ಯಾಯ ಎಂದು ನಿಜವಾಗಿ ನಂಬುವ ಜಾತಿಯವನು. ಅಂಥವರ ಜೊತೆ ಬಾಳುವುದು ಇನ್ನೂ ಕಷ್ಟ.

*

ಅಕ್ಟೋಬರ್ ಇಪ್ಪತ್ತಕ್ಕೆ ನಾನು ಕಾರ್ಖಾನೆಯಲ್ಲಿ ರಜೆ ಕೇಳಿದ್ದೆ. ಮೇಸ್ತ್ರಿ ಗೊಣಗಿಕೊಂಡೇ ಕೊಟ್ಟಿದ್ದಳು. ಹಿಂದಿನ ದಿನ ಅತ್ತೆಯ ರಾತ್ರಿ ಅಂಗಿ, ಚಪ್ಪಲಿ, ಟವೆಲ್ಲು ಚೀಲಕ್ಕೆ ತುಂಬುತ್ತಿದ್ದೆ.

"ಅದನ್ನ ತೆಗೆದಿಡು. ಡಾಕ್ಟರು ಮುಂದಕ್ಕೆ ಹಾಕಿದಾರೆ," ಎಂದರು ಅತ್ತೆ.

"ಯಾವಾಗ ಹೇಳಿದ್ರು?"

"ಫೋನ್ ಮಾಡಿದ್ರು. ಯಂತ್ರ ಕೆಟ್ಟಿದೆಯಂತೆ."

"ಮತ್ತೆ ಯಾವಾಗಂತೆ?"

"ಹೇಳ್ತಾರಂತೆ."

ನನಗೆ ರೇಗಿಹೋಯಿತು. "ಎಂಥ ಆಸ್ಪತ್ರೆ ಇದು! ಎಂಟು ತಿಂಗಳು ಕಾಯಿಸಿ ಹಿಂದಿನ ದಿನ ಯಂತ್ರ ಕೆಟ್ಟಿದೆ ಅಂತಾರಾ? ನಂಬರ್ ಕೊಡಿ, ನಾನು ಮಾತಾಡ್ತೀನಿ."

"ಬೇಡ ನೆವೆನಾ. ಪಾಪ, ಅವರೇನು ಮಾಡ್ತಾರೆ."

ರಾಲಿ ಮೇಜಿನ ಆ ಕಡೆಯಿಂದ ಅಜ್ಜಿಯನ್ನೇ ನೋಡುತ್ತಿದ್ದಳು. "ಅಜ್ಜಿ, ನಿನಗೆ ನನ್ನ ಮುಖ ಕಾಣುತ್ತಾ?"

"ಕಾಣದೆ ಏನು? ಅಪ್ಪನ ಮೂಗು ಇಟ್ಕೊಂಡು ಕೂತಿದೀಯ."

ರಾಲಿ ನಕ್ಕಳು. ಅವಳು ಕೂತಿದ್ದ ಕಡೆಗಲ್ಲ, ಅವಳ ಪಕ್ಕದ ಖಾಲಿ ಕುರ್ಚಿಯ ಕಡೆಗೆ ಅತ್ತೆ ಮಾತಾಡಿದ್ದರು ಎಂಬುದು ನಮ್ಮಿಬ್ಬರಿಗೂ ಕಂಡಿತು. ನಗು ಅಲ್ಲೇ ನಿಂತಿತು.

*

ನವೆಂಬರಿನ ಮೊದಲ ಶನಿವಾರ ಸತ್ತವರ ದಿನ. ಅತ್ತೆ ಬೆಳಿಗ್ಗೆಯೇ ಗೋಧಿ ಬೇಯಿಸಿ ಸಕ್ಕರೆ ಬೆರೆಸಿದ್ದರು. ತಿಹೊಮಿರ್ ಕಾರಿನಲ್ಲಿ ನಮ್ಮನ್ನೆಲ್ಲ ಮಾವನ ಊರಿಗೆ ಕರೆದುಕೊಂಡು ಹೋದ. ಮಾವನ ಸಮಾಧಿಯ ಮೇಲಿನ ಒಣ ಎಲೆ ತೆಗೆದು, ಮೇಣದಬತ್ತಿ ಹಚ್ಚಿ, ತಂದದ್ದನ್ನು ಅಕ್ಕಪಕ್ಕದ ಸಮಾಧಿಗಳಿಗೆ ಬಂದ ಹೆಂಗಸರಿಗೆ ಹಂಚಿದೆವು. ಸತ್ತವರ ಹೆಸರಿನಲ್ಲಿ ಗೋಧಿ, ಬ್ರೆಡ್ಡು, ವೈನು ಹಂಚುವುದು ರೂಢಿ. ಅತ್ತೆ ಯಾವಾಗಲೂ ತಮ್ಮ ಗೊಜ್ಜನ್ನೂ ಕೊಡುತ್ತಾರೆ, ಮಾವನಿಗೆ ಅದು ಪ್ರಾಣವಾಗಿತ್ತು. ಊರಿನ ಹೆಂಗಸರು ಆ ಗೊಜ್ಜಿಗೇ ಕಾಯುತ್ತಾರೆ.

"ಪೆನಾ, ಈ ಸಲ ಹೇಗೆ ಬಂದಿದೆ?" ಎಂದು ಒಬ್ಬ ಮುದುಕಿ ಬ್ರೆಡ್ಡು ಹಿಡಿದು ಬಂದಳು.

"ತಿಂದು ನೋಡೆ," ಎಂದು ಅತ್ತೆ ಮುಚ್ಚಳ ತಿರುಗಿಸಿದರು.

ಮುಚ್ಚಳ ಢಬ್ಬೆಂದು ಹಾರಿತು. ಜಾಡಿಯಿಂದ ನೊರೆ ಉಕ್ಕಿ ಅತ್ತೆಯ ಕೈ, ತೋಳು, ಕರಿಯ ಕೋಟಿನ ಮೇಲೆ ಇಳಿಯಿತು. ಹುಳಿತ ವಾಸನೆಗೆ ಮುದುಕಿ ಎರಡು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ಮೂಗಿಗೆ ಹಿಡಿದಳು. ಮೇಲೆಲ್ಲ ಬಿಳಿ ಬೂಷ್ಟು. ಅತ್ತೆ ಮಾತ್ರ ಜಾಡಿಯನ್ನು ಮುಖದ ಹತ್ತಿರ ತಂದು ಏನಾಗಿದೆ ಎಂದು ನೋಡಲು ಪ್ರಯತ್ನಿಸುತ್ತಿದ್ದರು. ನಾನು ಅದನ್ನು ಕಿತ್ತುಕೊಂಡು ಬೇಲಿಯಾಚೆ ಎಸೆದೆ.

ಮನೆಗೆ ಬಂದವನೇ ತಿಹೊಮಿರ್ ನೆಲಮಾಳಿಗೆಗೆ ಇಳಿದ. ಅರ್ಧ ಗಂಟೆ ಬಿಟ್ಟು ಮೇಲೆ ಬಂದಾಗ ಅವನ ಮುಖ ಕೆಂಪಾಗಿತ್ತು.

"ಮೂವತ್ತೆಂಟು! ಮೂವತ್ತೆಂಟು ಜಾಡಿ ಹೋಗಿದೆ! ನಲವತ್ತು ಕಿಲೋ ಮೆಣಸಿನಕಾಯಿ, ಎರಡು ದಿನದ ಕರೆಂಟು! ಮುಚ್ಚಳ ಪೂರ್ತಿ ತುಕ್ಕು. ಕುರುಡನಿಗೂ ಕಾಣುತ್ತೆ. ಅಮ್ಮ, ಏನು ನೋಡಿ ಮುಚ್ಚಿದೆ ನೀನು?"

"ತಿಹೊ!" ಎಂದು ನಾನು ಕಿರುಚಿದೆ. "ಅವರಿಗೆ ಕಣ್ಣು ಕಾಣಲ್ಲ ಅಂತ ನಿನಗೆ ಗೊತ್ತಿಲ್ವಾ? ಇಷ್ಟು ಹೊತ್ತಿಗೆ ಆಪರೇಷನ್ ಆಗಿ ಎರಡು ವಾರ ಆಗಿರ್ತಿತ್ತು. ಆ ಹಾಳು ಆಸ್ಪತ್ರೆಯೋರು ಮುಂದಕ್ಕೆ ಹಾಕದೇ ಇದ್ದಿದ್ರೆ..."

"ಆಸ್ಪತ್ರೆಯೋರನ್ನ ಬೈಬೇಡ ನೆವೆನಾ," ಎಂದರು ಅತ್ತೆ. ಅವರು ಇನ್ನೂ ಕೋಟು ಬಿಚ್ಚಿರಲಿಲ್ಲ. ತೋಳಿನ ಮೇಲೆ ಗೊಜ್ಜಿನ ಕಲೆ ಒಣಗಿತ್ತು. "ಅವರು ಮುಂದಕ್ಕೆ ಹಾಕಲಿಲ್ಲ. ನಾನೇ ಫೋನ್ ಮಾಡಿ ಬೇಡ ಅಂದೆ. ಲೆನ್ಸಿಗೆ ದುಡ್ಡು ಕಮ್ಮಿ ಬಿತ್ತು."

"ಎಷ್ಟು ಕಮ್ಮಿ ಬಿತ್ತು ಅಜ್ಜಿ?" ಎಂದಳು ರಾಲಿ.

"ನೂರ ಅರವತ್ತೆಂಟು."

ಎರಡು ತಿಂಗಳ ಎಂಬತ್ತನಾಲ್ಕು. ಡಬ್ಬಿ ಫ್ರಿಜ್ಜಿನ ಮೇಲೆಯೇ ಕೂತಿತ್ತು.

ತಿಹೊಮಿರ್ ಜೇಬಿನಿಂದ ಪರ್ಸು ತೆಗೆದು ನೂರರ ನೋಟುಗಳನ್ನು ಮೇಜಿನ ಮೇಲೆ ಹರವಿದ. "ಒಂದು ಮಾತು ಕೇಳೋಕಾಗ್ಲಿಲ್ವಾ ಅಮ್ಮ? ನಾನು ಸತ್ತುಹೋಗಿದ್ನಾ? ತಗೋ. ಪೂರ್ತಿ ಆರುನೂರು. ಸೋಮವಾರಾನೇ ಹೋಗೋಣ."

"ಬೇಡ."

"ಯಾಕೆ ಬೇಡ?"

"ಎಂಬತ್ತನಾಲ್ಕು ಕಿತ್ಕೊಂಡು ಆರುನೂರು ದಾನ ಮಾಡೋದು ಯಾವ ಸೀಮೆ ದೊಡ್ಡತನ? ನನ್ನ ದುಡ್ಡು ನನ್ನ ಹತ್ರ ಬಿಟ್ಟಿದ್ರೆ ನಿನ್ನ ಹತ್ರ ಕೈ ಚಾಚೋ ಪ್ರಮೇಯಾನೇ ಇರ್ತಿರಲಿಲ್ಲ. ನನಗೆ ದಾನ ಬೇಡ. ಆ ಹಾಳೆ ಹರಿದು ಬೇರೆ ಬರಿ."

"ಹೇಗೆ ಬರೀಲಿ?"

ರಾಲಿ ಹೇಳಿದಳು: "ಎಲ್ಲರದ್ದೂ ಮೊದಲ ಆರುನೂರು ಮುಟ್ಟಬಾರದು. ಅದರ ಮೇಲೆ ಬಂದಿದ್ದಕ್ಕೆ ಮಾತ್ರ ಪರ್ಸೆಂಟು."

"ಓಹೋ! ಆಗ ಅಜ್ಜಿಗೂ ಸೊನ್ನೆ, ನಿನಗೂ ಸೊನ್ನೆ, ನಿಮ್ಮಮ್ಮನಿಗೆ ಚಿಲ್ಲರೆ. ಮಿಕ್ಕಿದ್ದೆಲ್ಲ ಈ ಕತ್ತೆ ಹೊರಬೇಕು. ಇದು ಸಮಾನತೆ ಏನೇ?"

"ಮೊದಲೂ ಹೊರ್ತಾನೇ ಇದ್ಯಲ್ಲ," ಎಂದೆ ನಾನು. "ಎರಡು ತಿಂಗಳಿಂದ ಅವರ ಕಣ್ಣಿನ ದುಡ್ಡಲ್ಲಿ ನಿನ್ನ ಬೆನ್ನು ಬೆಚ್ಚಗಿದೆ, ಅಷ್ಟೇ."

"ಸರಿ ಹಾಗಾದ್ರೆ! ಲಕೋಟೆದೂ ಸೇರಿಸಿ ಪೂರ್ತಿ ಹದಿನೈದು ನಾನು ಹಾಕ್ತೀನಿ. ಆಗ ಎಲ್ಲರದ್ದೂ ನಿಜವಾಗ್ಲೂ ಸಮ. ಸಾಕಾ?"

"ಸಾಕಾಗಲ್ಲ. ನೀನು ಎಷ್ಟೇ ಹಾಕು, ಅತ್ತೆಯ ಎಂಬತ್ತನಾಲ್ಕು ಡಬ್ಬೀಲೇ ಇರುತ್ತೆ. ಹದಿನೈದು ಹೋದ್ರೆ ನಿನಗೆ ಒಂದು ಕಾರಿನ ಟೈರು ತಡ ಆಗುತ್ತೆ. ಅವರಿಗೆ ಕಣ್ಣು ಹೋಗುತ್ತೆ. ಇದನ್ನ ಸಮ ಅಂತೀಯಲ್ಲ, ನಿನಗೆ ಹೇಗೆ ಹೇಳಿ ಅರ್ಥ ಮಾಡಿಸ್ಲಿ ನಾನು?"

ಅತ್ತೆ ಕುರ್ಚಿ ಎಳೆದುಕೊಂಡು ಮಗನ ಎದುರಿಗೆ ಕೂತರು. ಅವರಿಗೆ ಸ್ವಲ್ಪವಾದರೂ ಕಾಣುವುದು ಎಡಗಣ್ಣು ಮಾತ್ರ. ಅದನ್ನು ಅವನ ಕಡೆ ತಿರುಗಿಸಿ ಕೇಳಿದರು.

"ತಿಹೊ, ನಿನಗೆ ತಿಂಗಳಿಗೆ ಎಷ್ಟು ಬರುತ್ತೆ?"

"ಅಮ್ಮ, ಅದು ಒಂದೊಂದು ತಿಂಗಳು..."

"ಹೋದ ತಿಂಗಳು ಎಷ್ಟು ಬಂತು? ನಿನ್ನಪ್ಪನ ಸಮಾಧಿಯಿಂದ ಬಂದಿದೀವಿ, ಸುಳ್ಳು ಹೇಳಬೇಡ."

ಅವನು ಮೇಜಿನ ಮೇಲಿನ ನೋಟುಗಳನ್ನು ಜೋಡಿಸಿದ, ಮತ್ತೆ ಜೋಡಿಸಿದ.

"ನಾಲ್ಕು ಸಾವಿರದ ಇನ್ನೂರು."

ರಾಲಿಯ ಬಾಯಿಂದ ಅಯ್ಯೋ ಎಂಬ ಸದ್ದು ಬಂತು. ನಾನು ನಿಂತಲ್ಲೇ ಸಿಂಕಿನ ಅಂಚು ಹಿಡಿದೆ. ಚಳಿಗಾಲದಲ್ಲಿ ಮಲಗುವ ಕೋಣೆಯ ಹೀಟರು ಆರಿಸಿ ಸಾಕ್ಸು ಹಾಕಿಕೊಂಡು ಮಲಗಿದ್ದು, ರಾಲಿಯ ಹಲ್ಲಿಗೆ ತಂತಿ ಹಾಕಿಸುವುದನ್ನು ಎರಡು ವರ್ಷ ಮುಂದೂಡಿದ್ದು, ಕಾರ್ಖಾನೆಯಲ್ಲಿ ಭಾನುವಾರವೂ ಹೊಲಿದದ್ದು ಎಲ್ಲ ಒಟ್ಟಿಗೆ ತಲೆಗೆ ನುಗ್ಗಿತು. ಅತ್ತೆ ನನಗಿಂತ ಮುಂಚೆ ಮಾತಾಡಿದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಏನೂ ಅರ್ಥವಾಗದವರ ದನಿ ಅದು.

"ಮತ್ತೆ ಊರಿಗೆ ಕರ್ಕೊಂಡು ಹೋದಾಗೆಲ್ಲ ಪೆಟ್ರೋಲಿಗೆ ಅಂತ ನನ್ನ ಹತ್ರ ಇಪ್ಪತ್ತು ಯಾಕಪ್ಪ ತಗೊಳ್ತಿದ್ದೆ?"

"ನಾನು ಕೇಳಲಿಲ್ಲವಲ್ಲಮ್ಮ. ನೀನೇ ಕೊಡ್ತಿದ್ದೆ."

"ನಿನಗೆ ಇಲ್ಲ ಅಂದ್ಕೊಂಡು ಕೊಡ್ತಿದ್ದೆ. ನೀನು ಇದ್ದೂ ತಗೊಳ್ತಿದ್ದೆ. ಇವತ್ತೂ ತಗೊಂಡೆ."

ತಿಹೊಮಿರ್ ಎದ್ದು ಬಾಲ್ಕನಿಗೆ ಹೋದ. ಬಾಗಿಲು ತೆರೆದೇ ಇತ್ತು, ತಣ್ಣನೆಯ ಗಾಳಿ ಅಡುಗೆಮನೆಗೆಲ್ಲ ನುಗ್ಗಿತು. ಅವನು ಒಳಗೆ ಬಂದಾಗ ರಾಲಿ ಹೊಸ ಹಾಳೆ ಬರೆದು ಮುಗಿಸಿದ್ದಳು. ಡಬ್ಬಿ ತೆರೆದು ಅಜ್ಜಿಯ ನೂರ ಅರವತ್ತೆಂಟನ್ನು ಅಜ್ಜಿಯ ಕೈಗೆ ಎಣಿಸಿ ಕೊಟ್ಟಿದ್ದಳು. ಹಳೆಯ ಹಾಳೆ ಕಸದ ಬುಟ್ಟಿಯಲ್ಲಿತ್ತು. ಅವನು ಹೊಸದನ್ನು ಓದಿ, "ಮೂರು ಜನ ಸೇರಿ ಒಬ್ಬನ ಮೇಲೆ," ಎಂದು ಗೊಣಗಿದ. ಆದರೆ ಕಿತ್ತುಹಾಕಲಿಲ್ಲ.

*

ಸೋಮವಾರ ಅತ್ತೆ, ತಿಹೊಮಿರ್, ನಾನು ಮೂವರೂ ಆಸ್ಪತ್ರೆಗೆ ಹೋದೆವು. ಅತ್ತೆಯ ಕೈಚೀಲದಲ್ಲಿ ಅವರದೇ ಆರುನೂರು ಇತ್ತು. ಕಿಟಕಿಯಾಚೆಯ ಹುಡುಗಿ ಪರದೆ ನೋಡಿ ತಲೆಯಾಡಿಸಿದಳು.

"ಅಕ್ಟೋಬರಿನ ಸರದಿ ನೀವೇ ಬಿಟ್ಟುಕೊಟ್ಟಿದೀರಿ ಅಜ್ಜಿ. ಈಗ ಖಾಲಿ ಇರೋದು ಫೆಬ್ರವರಿ ಹದಿನಾಲ್ಕು."

"ಫೆಬ್ರವರೀನಾ!" ಎಂದು ತಿಹೊಮಿರ್ ನನ್ನನ್ನು ಪಕ್ಕಕ್ಕೆ ಸರಿಸಿ ಕಿಟಕಿಗೆ ಬಗ್ಗಿದ.

"ಅಷ್ಟರಲ್ಲಿ ನಮ್ಮಮ್ಮನ ಇನ್ನೊಂದು ಕಣ್ಣೂ ಹೋಗಿರುತ್ತೆ. ನೋಡಮ್ಮ, ನಾನು ಹೆಚ್ಚು ಕೊಡ್ತೀನಿ. ಎಷ್ಟು ಬೇಕು ಹೇಳು. ಎರಡರಷ್ಟು ಕೊಡ್ತೀನಿ, ಈ ವಾರ ಹಾಕು."

"ಹೆಚ್ಚು ಕೊಡೋ ಹಾಗಿಲ್ಲ ಸಾರ್. ಇಲ್ಲಿ ಎಲ್ಲರಿಗೂ ಒಂದೇ ದರ, ಒಂದೇ ಸಾಲು."

"ನನ್ನ ಹತ್ರ ಇದೆ ಅಂತ ಹೇಳ್ತಿದೀನಲ್ಲ!"

"ಇದ್ದೋರಿಗೂ ಇಲ್ಲದೋರಿಗೂ ಒಂದೇ. ಹಿಂದೆ ಜನ ಇದಾರೆ, ಸ್ವಲ್ಪ ಸರೀರಿ."

ಅತ್ತೆ ಕಿಟಕಿಯ ಕಡೆ ತಿರುಗಿ ಇಡೀ ಸಾಲಿಗೆ ಕೇಳುವಂತೆ ಹೇಳಿದರು: "ಬೇಜಾರು ಮಾಡ್ಕೋಬೇಡಮ್ಮ. ನನ್ನ ಮಗನಿಗೆ ತಿಂಗಳಿಗೆ ನಾಲ್ಕು ಸಾವಿರದ ಇನ್ನೂರು ಬರುತ್ತೆ. ಮೊನ್ನೆಯಿಂದ ಅವನಿಗೆ ಕೊಡೋ ಅಭ್ಯಾಸ ಶುರುವಾಗಿದೆ."

ಸಾಲಿನಲ್ಲಿ ನಿಂತಿದ್ದವರೆಲ್ಲ ತಿಹೊಮಿರ್‌ನ ಕಡೆ ನೋಡಿದರು. ಅವನ ಕಿವಿಗಳು ಕೆಂಪಾದವು. ಅವನು ನನ್ನ ಮುಖ ನೋಡಿದ, ನಾನು ಏನಾದರೂ ಹೇಳಿ ಅವನನ್ನು ಪಾರುಮಾಡಲಿ ಎಂದು. ನಾನು ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಹೇಳಿದ್ದೇ ಸಾಕಾಗಿತ್ತು. ಹುಡುಗಿ ಫೆಬ್ರವರಿ ಹದಿನಾಲ್ಕು ಎಂದು ಚೀಟಿ ಬರೆದು ಕೊಟ್ಟಳು.

ಹೊರಗೆ ಬಂದಾಗ ಹನಿ ಬೀಳುತ್ತಿತ್ತು, ಮೆಟ್ಟಿಲು ಒದ್ದೆಯಾಗಿತ್ತು. ಅತ್ತೆ ಮೊದಲ ಮೆಟ್ಟಿಲಿನ ತುದಿಯಲ್ಲಿ ನಿಂತು ಕಾಲಿನಿಂದ ಗಾಳಿಯಲ್ಲಿ ತಡಕಿದರು. ನಾನು ಕೈ ಚಾಚುವ ಮೊದಲೇ ತಿಹೊಮಿರ್ ಅವರ ತೋಳು ಹಿಡಿದುಕೊಂಡ.

"ಒಂದು," ಎಂದ. "ಎರಡು. ಇಲ್ಲಿ ಅಗಲ ಇದೆ ಅಮ್ಮ, ಇನ್ನೊಂದು ಹೆಜ್ಜೆ. ಮೂರು."

"ಜೋರಾಗಿ ಹೇಳೋ," ಎಂದರು ಅತ್ತೆ. "ಫೆಬ್ರವರಿ ತನಕ ಇದೇ ನಿನ್ನ ಕೆಲಸ."

ಅವನು ಜೋರಾಗಿ ಎಣಿಸಿದ. ನಾನು ಹಿಂದೆ ನಿಂತು, ಹನ್ನೊಂದೂ ಮೆಟ್ಟಿಲು ಮುಗಿಯುವವರೆಗೆ ಕೊಡೆ ಬಿಚ್ಚುವುದನ್ನೂ ಮರೆತು ನೋಡುತ್ತಿದ್ದೆ.